ನಿಂದ್ರೋ ಕಾಲು, ಕುಂದ್ರೋ ಕಾಲು

ಸಿರುಗುಪ್ಪದ ಮೈಲಾರಪ್ಪನ ಮನೆಯಲ್ಲಿ ಆ ವರ್ಷದ ಜಗಳ ಹುಟ್ಟಿದ್ದು ಸಾರಿನಿಂದ.

ಸಂಕ್ರಾಂತಿ ಕಳೆದಿತ್ತು. ಹೊಸ ನೆಲ್ಲು ಮನೆಗೆ ಬಂದು ಪಡಸಾಲೆಯ ಅರ್ಧದಷ್ಟು ಜಾಗ ಚೀಲಗಳಿಂದಲೇ ತುಂಬಿತ್ತು. ಉಳಿದ ಅರ್ಧದಲ್ಲಿ ಮೈಲಾರಪ್ಪ, ಅವನ ಒಬ್ಬನೇ ಮಗ ಅಯ್ಯಣ್ಣ ಊಟಕ್ಕೆ ಕೂತಿದ್ದರು. ಸೊಸೆ ಹಂಪಮ್ಮ ಅನ್ನ ನೀಡಿ ಹೋದಳು, ಸಾರಿನ ಪಾತ್ರೆ ಹಿಡಿದು ಬಂದಳು. ಬಂದವಳು ಬಗ್ಗಲಿಲ್ಲ. ನಿಂತಲ್ಲಿಂದಲೇ ಸೌಟು ವಾಲಿಸಿದಳು. ಅಷ್ಟು ಮೇಲಿನಿಂದ ಬಿದ್ದ ಸಾರು ಗಂಗಾಳದಿಂದ ಸಿಡಿದು ಮೈಲಾರಪ್ಪನ ಎದೆಗೆ, ಎದೆಯ ಮೇಲೆ ತೂಗುತ್ತಿದ್ದ ಲಿಂಗದ ಕರಡಿಗೆಗೆ ಹಾರಿತು.

ಆ ಮನೆಯಲ್ಲಿ ಗಂಗಾಳದಲ್ಲಿ ಒಂದು ಅಗುಳು ಬಿಡುವ ಪದ್ಧತಿಯಿರಲಿಲ್ಲ. ಉಂಡ ಮೇಲೆ ಗಂಗಾಳ ತೊಳೆದು ಆ ನೀರನ್ನೂ ಕುಡಿಯುವವರು. ಅಂಥದರಲ್ಲಿ ಮೈಲಾರಪ್ಪ ಅರ್ಧ ಊಟ ಬಿಟ್ಟು ಎದ್ದ. ಸೊಸೆಯ ಕೂಡ ಅವನು ನೇರ ಮಾತಾಡುತ್ತಿರಲಿಲ್ಲ. ಆದ್ದರಿಂದ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ ಹೆಂಡತಿಗೆ ಹೇಳಿದ.

"ನಾಯಿಗಿ ಹಾಕಿದಂಗ ಹಾಕ್ತಾಳ. ನನ್ನ ಮನಿ, ನನ್ನ ನೆಲ್ಲು, ನನಗಽ ಮ್ಯಾಲಿಂದ ಸುರೀತಾಳ."

ಅವನ ಹೆಂಡತಿ ಸಾವಂತ್ರಮ್ಮ ಸೊಸೆಯ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಸೊಂಟಕ್ಕೇನು ಗೂಟ ಬಡಿದಾರೇನು ಬಗ್ಗಾಕ ಎಂದು ಕೇಳಿದಳು. ಹಂಪಮ್ಮ ಸಾರಿನ ಪಾತ್ರೆ ಕೆಳಗಿಡಲೂ ಆಗದೆ ಹಿಡಿದುಕೊಂಡೇ ನಿಂತಿದ್ದಳು.

"ಬಗ್ಗಿದ್ರ ಏಳಾಕ ಬರವಲ್ದು ಅತ್ತಿ," ಎಂದಳು. "ಎರಡು ವರ್ಷ ಆತು. ಹೇಳಿರಲಿಲ್ಲ."

ಹೇಳದೆ ಅವಳು ಹೇಗೆ ನಡೆಸಿದ್ದಳೆಂಬುದು ಆಮೇಲೆ ಒಂದೊಂದಾಗಿ ಹೊರಬಿತ್ತು. ಮೊದಲು ನೋವು ಬರುತ್ತಿದ್ದುದು ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುವ ದಿನಗಳಲ್ಲಿ ಮಾತ್ರ, ಬಲತೊಡೆಯ ಸಂದಿನಲ್ಲಿ. ಆಮೇಲೆ ಬೀಸುವ ಕಲ್ಲಿನ ಮುಂದಿನಿಂದ ಏಳುವಾಗ. ಆಮೇಲೆ ಮಗ್ಗುಲು ಬದಲಿಸುವಾಗ. ಈಗ ಕಾಲು ಮಡಚುವುದನ್ನೇ ಬಿಟ್ಟಿತ್ತು. ಬೀಸುವ ಕೆಲಸವನ್ನು ಮಗಳು ಈರಮ್ಮನಿಗೆ ಹಚ್ಚಿದ್ದಳು. ಒಲೆಯ ಮುಂದೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಕಾಲನ್ನು ಕಟ್ಟಿಗೆಯಂತೆ ಮುಂದಕ್ಕೆ ಚಾಚಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರೂ ಉಂಡು ಎದ್ದ ಮೇಲೆ ಗೋಡೆಗೆ ಒರಗಿ ನಿಂತೇ ಉಂಡು ಮುಗಿಸುತ್ತಿದ್ದಳು. ಒಂದೇ ಸೂರಿನ ಕೆಳಗೆ ಎರಡು ವರ್ಷ ಇದನ್ನು ಯಾರೂ ನೋಡಿರಲಿಲ್ಲ. ಸೊಸೆ ಎಲ್ಲಿ ಕೂಡುತ್ತಾಳೆ, ಹೇಗೆ ಉಣ್ಣುತ್ತಾಳೆ ಎಂದು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಗೊತ್ತಾದ ಮೇಲೆ ಕನಿಕರ ಹುಟ್ಟಬೇಕಿತ್ತು. ಆ ಮನೆಯಲ್ಲಿ ಹುಟ್ಟಿದ್ದು ಸಿಟ್ಟು. ಊನ ಇದ್ದ ಹುಡುಗಿಯನ್ನು ಸೀರೆ ಸುತ್ತಿ ನಮಗೆ ದಾಟಿಸಿದರು ಎಂದು ಸಾವಂತ್ರಮ್ಮ ನೀರು ತರುವ ಹೆಂಗಸರ ಮುಂದೆಲ್ಲ ಆಡಿದಳು. ಮದುವೆಯಾಗಿ ಹದಿನೈದು ವರ್ಷವಾಯಿತು, ಊನ ಈಗ ಕಂಡಿತೇನು ಎಂದು ಒಬ್ಬಳು ಕೇಳಿದ್ದಕ್ಕೆ ಅವಳ ಕೂಡ ಮಾತು ಬಿಟ್ಟಳು. ಆ ವಾರವೇ ಸೊಸೆಯನ್ನು ಕುರುಗೋಡಿನ ತವರಿಗೆ ಕಳಿಸಿದರು. ಕಾಲು ನೆಟ್ಟಗಾದ ಮೇಲೆ ಬಾ ಎಂದರು.

ಕುರುಗೋಡಿನಲ್ಲಿ ಅವಳ ತಾಯಿ ಗಿಡ್ಡಮ್ಮ ಎರಡು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದಳು. ಹೆಸರಿಗೆ ತಕ್ಕಂತೆ ಗಿಡ್ಡ, ದನಿ ಮಾತ್ರ ಗುಡ್ಡಕ್ಕೆ ಬಡಿದು ತಿರುಗಿ ಬರುವಂಥದು. ಅವಳು ಮಗಳ ಸೊಂಟಕ್ಕೆ ಎಣ್ಣೆ ತಿಕ್ಕಿದಳು, ಎಕ್ಕೆಯ ಎಲೆ ಕಾಸಿ ಕಟ್ಟಿದಳು, ಬಸವಣ್ಣನ ಗುಡಿಗೆ ಕರೆದುಕೊಂಡು ಹೋದಳು. ಕೊನೆಗೆ ಬರೆ ಹಾಕುವವನನ್ನು ಕರೆಸಿದಳು. ಕಾದ ಕಬ್ಬಿಣ ತಾಗಿದಾಗ ಹಂಪಮ್ಮ ಕೂಗಲಿಲ್ಲ. ಒಳಗಿನ ನೋವಿನ ಮುಂದೆ ಇದು ತೊಗಲ ಮೇಲಿನದು ಎಂದಳಂತೆ. ಬರೆ ಮಾಯ್ದಿತು, ಕಾಲು ಹಾಗೇ ಉಳಿಯಿತು.

ಶಿವರಾತ್ರಿ ಮುಗಿದ ಮೇಲೆ ಗಿಡ್ಡಮ್ಮ ಮಗಳನ್ನು ಬಸ್ಸಿಗೆ ಹತ್ತಿಸಿಕೊಂಡು ತಾನೇ ಸಿರುಗುಪ್ಪಕ್ಕೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ. ಅಂಗಳದಲ್ಲೇ ನಿಂತಳು.

"ನನ್ನ ಮಗಳು ಗುಡ್ಡ ಹತ್ತಿ ಕಟ್ಟಿಗಿ ತರ್ತಿದ್ಲು ಬೀಗತಿ. ಊನ ನಿಮ್ಮ ಮನ್ಯಾಗ ಬಂದೈತಿ."

"ಬರಾಕ ಅದೇನು ನೆಂಟನೇನು? ಹುಟ್ಟಿದಾಗಿಂದ ಇತ್ತು, ನೀ ಮುಚ್ಚಿಟ್ಟಿ," ಎಂದಳು ಸಾವಂತ್ರಮ್ಮ.

"ಮುಚ್ಚಿಟ್ಟೆ? ಬಾಣಂತಿ ಮೈ ಹಸಿ ಇದ್ದಾಗ ಕೆಸರಿಗಿ ಇಳಿಸಿದವ್ರ್ಯಾರು? ತಲಿ ಮ್ಯಾಲ ನೆಲ್ಲಿನ ಹೊರಿ ಹೊರಿಸಿದವ್ರ್ಯಾರು? ಎತ್ತಿಗಾದ್ರ ಅಮಾಸಿಗೊಂದಿನ ನೊಗ ಇಳಸ್ತೀರಿ."

"ನಾನೂ ಹೊತ್ತೀನಿ ಹೊರಿ. ನನ್ನ ಸೊಂಟ ಮುರದೈತೇನು?"

"ನಿನ್ನ ಸೊಂಟ ಮುರಿಯಾಕ ಭೀಮ ಬರಬೇಕು."

ಓಣಿಯ ಜನ ನಕ್ಕರು. ಆ ನಗುವಿನಿಂದ ಮೈಲಾರಪ್ಪನಿಗೆ ಅವಮಾನವಾಯಿತು. ಕಟ್ಟೆಯಿಂದ ಇಳಿದು ಬಂದು ಜಗಳ ನಿಲ್ಲಿಸಿದ. ಬಳ್ಳಾರಿಯ ಡಾಕ್ಟರಿಗೆ ತೋರಿಸುವುದು, ಊನ ಎಲ್ಲಿಂದ ಬಂತೆಂದು ಅವರ ಬಾಯಿಂದಲೇ ಕೇಳುವುದು, ಆಷಾಢಕ್ಕೆ ಗದ್ದೆಗೆ ಇಳಿಯುವಂತೆ ಕಾಲು ಮಾಡಿಸುವುದು ಎಂದು ತೀರ್ಮಾನ ಹೇಳಿದ. ಈ ತೀರ್ಮಾನ ಹೇಳುವಾಗ ಹಂಪಮ್ಮ ತೊಲೆಕಂಬಕ್ಕೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಬಳ್ಳಾರಿಯ ಆ ಆಸ್ಪತ್ರೆ ಕಂಟೋನ್ಮೆಂಟಿನ ಕಡೆ ಬೇವಿನ ಮರಗಳ ನಡುವೆ ಇತ್ತು. ಡಾಕ್ಟರು ಮದ್ರಾಸಿನಲ್ಲಿ ಓದಿ ಬಂದವರು, ಮನೆಮಾತು ತೆಲುಗು, ರೋಗಿಗಳ ಕೂಡ ಊರ ಕನ್ನಡವನ್ನೇ ಆಡುತ್ತಿದ್ದರು. ಕೋಣೆಯಲ್ಲಿ ಒಂದು ಬೆಂಚಿತ್ತು. ಮೈಲಾರಪ್ಪ ಅದರ ನಡುವೆ ಕೂತ, ಅಯ್ಯಣ್ಣ ತುದಿಗೆ ಕೂತ. ಇನ್ನೊಂದು ತುದಿ ಖಾಲಿ ಇತ್ತು. ಮಾವನ ಮುಂದೆ ಸೊಸೆ ಕೂಡುವುದುಂಟೆ? ಹಂಪಮ್ಮ ಕಿಟಕಿಯ ಸರಳು ಹಿಡಿದು, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಎಡಗಾಲ ಮೇಲೆ ಭಾರ ಹಾಕಿ ನಿಂತಳು. ಗಿಡ್ಡಮ್ಮ ಹೊರಗೆ ಬಾಗಿಲ ಬಳಿ ಕಿವಿಗೊಟ್ಟು ಕೂತಿದ್ದಳು.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೊಂಟದ ಎಲುಬಿನಲ್ಲೊಂದು ಬಟ್ಟಲು, ತೊಡೆಯ ಎಲುಬಿನ ತುದಿಗೊಂದು ಗುಂಡು, ಗುಂಡು ಬಟ್ಟಲಲ್ಲಿ ತಿರುಗಿದರೆ ಕಾಲು ಮಡಚುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಎರಡಕ್ಕೂ ಮೇಲೆ ನುಣ್ಣನೆಯ ಹೊದಿಕೆ ಇರಬೇಕು. ಎಡಗಡೆ ಅದಿತ್ತು, ಬಲಗಡೆ ಸವೆದು ಹೋಗಿತ್ತು, ಎಲುಬಿಗೆ ಎಲುಬು ಉಜ್ಜುತ್ತಿತ್ತು.

"ಯಾಕ ಸವೀತು ಅಂತೀರೇನು?" ಎಂದು ಅವರೇ ಕೇಳಿದರು. "ಕೆಲವ್ರಿಗೆ ಸಣ್ಣವ್ರಿದ್ದಾಗ ಜ್ವರ ಬಂದು ಸಂದಿನ್ಯಾಗ ಕೀವಾಗಿರ್ತೈತಿ. ಕೆಲವ್ರು ಬಿದ್ದಿರ್ತಾರ. ಕೆಲವ್ರಿಗೆ ವಯಸ್ಸಾದ್ರ ಸಾಕು. ಇವರದು ಹುಟ್ಟಿದಾಗಿಂದ ಬಟ್ಟಲು ಆಳ ಇಲ್ಲ. ಅದರ ಮ್ಯಾಲ ವರ್ಷಗಟ್ಟಲೆ ಭಾರ ಬಿದ್ದೈತಿ. ಎರಡೂ ಕೂಡಿ ತಿಂದಾವ."

ಮೈಲಾರಪ್ಪ ಮಗನ ಕಡೆ ತಿರುಗಿ, ಹುಟ್ಟಿದಾಗಿಂದ ಅಂದ್ರು, ಕೇಳಿದ್ಯಾ ಎಂದ. ಬಾಗಿಲಾಚೆಯಿಂದ ಗಿಡ್ಡಮ್ಮ, ಭಾರ ಬಿದ್ದೈತಿ ಅಂದ್ರು, ನಾನೂ ಕೇಳೀನಿ ಎಂದಳು. ಡಾಕ್ಟರು ಹೇಳಿದ್ದು ಒಂದೇ ಮಾತು. ಅದನ್ನು ಎರಡು ತುಂಡು ಮಾಡಿ ಬೀಗರಿಬ್ಬರೂ ತಮ್ಮ ತಮ್ಮ ತುಂಡು ಇಟ್ಟುಕೊಂಡರು.

ಡಾಕ್ಟರು ಸಿಟ್ಟಾಗಿ ಇಬ್ಬರಿಗೂ ಸುಮ್ಮನಿರಲು ಹೇಳಿ ಮದ್ದಿನ ಮಾತಿಗೆ ಬಂದರು. ಗುಳಿಗೆ, ಕಾಸುವುದು, ಕೋಲು ಇವೆಲ್ಲ ಮೊದಲೇ ಮಾಡಬೇಕಿತ್ತು, ಈಗ ಅದರಿಂದ ಆಗದು. ತೊಡೆಯ ಎಲುಬನ್ನು ಕೆಳಗೆ ಕತ್ತರಿಸಿ ತುಸು ತಿರುಗಿಸಿ ಕೂಡಿಸುವುದೊಂದು ಉಂಟು, ಕೀಲು ಇಷ್ಟು ಬಿಗಿದ ಮೇಲೆ ಅದೂ ಸಾಲದು. ಹೊರದೇಶಗಳಲ್ಲಿ ಗುಂಡಿಗೆ ಲೋಹದ ಟೋಪಿ ತೊಡಿಸುತ್ತಾರೆ, ಗುಂಡನ್ನೇ ಹೊಸದಾಗಿ ಮಾಡಿ ಕೂಡಿಸುವವರೂ ಇದ್ದಾರೆ. ಅದನ್ನು ಇಲ್ಲಿ ತಾವು ಮಾಡಲಾರರು. ಇಲ್ಲಿ ಮಾಡುವಂಥವು ಎರಡೇ ಉಳಿದಿದ್ದವು. ಒಂದು, ಗುಂಡು ಬಟ್ಟಲು ಎರಡನ್ನೂ ಕೆರೆದು ಒಂದೇ ಎಲುಬಾಗಿ ಬೆಸೆಯುವುದು. ನೋವು ಪೂರಾ ಹೋಗುತ್ತದೆ, ಕಾಲು ಕಂಬದಂತೆ ಗಟ್ಟಿ, ಎಷ್ಟು ಬೇಕಾದರೂ ನಿಲ್ಲಬಹುದು, ನಡೆಯಬಹುದು. ಆದರೆ ಸೊಂಟ ಮತ್ತೆ ಮಡಚುವುದಿಲ್ಲ, ನೆಲದ ಮೇಲೆ ಕೂಡುವುದು ಈ ಜನ್ಮಕ್ಕಿಲ್ಲ. ಇನ್ನೊಂದು, ಗುಂಡನ್ನೇ ತೆಗೆದುಬಿಡುವುದು. ಆಗ ಮಡಚಬಹುದು, ನೆಲಕ್ಕೆ ಕೂಡಬಹುದು. ಆದರೆ ಕಾಲು ಗಿಡ್ಡಾಗುತ್ತದೆ, ಬಲ ಸಾಲದು, ಕೊನೆಯ ತನಕ ಕೋಲು ಬೇಕು.

"ಮನ್ಯಾಗ ಇವರಿಗೆ ಕುಂದ್ರೋ ಕೆಲಸ ಹೆಚ್ಚೋ, ನಿಂದ್ರೋ ಕೆಲಸ ಹೆಚ್ಚೋ? ಅದರ ಮ್ಯಾಲ ನೋಡಬೇಕು."

ಮೈಲಾರಪ್ಪ ತಡಮಾಡಲಿಲ್ಲ.

"ನಮ್ಮ ಸೊಸಿ ಕುಂದ್ರಾಕಿ ಅಲ್ಲ ಸಾಹೇಬ್ರ. ನನ್ನ ಮುಂದ ಒಂದಿನ ಕುಂತಾಕಿ ಅಲ್ಲ. ಹೊಲದಾಗ ನಿಂದ್ರಾಕ ಕಾಲು ಗಟ್ಟಿ ಮಾಡಿಕೊಡ್ರಿ, ಸಾಕು."

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ಒಳ್ಳೆಯ ಮನೆತನದ ಸೊಸೆ ಎಂದು ಹೇಳುವ ರೀತಿ ಅದು. ಡಾಕ್ಟರು ತಿರುಗಿ ನೋಡಿದರು. ಬೆಂಚಿನ ತುದಿ ಖಾಲಿ ಇರುವಾಗಲೂ ಆ ಹೆಂಗಸು ನಿಂತೇ ಇದ್ದಳು. ಕೂತು ಬಾಳುವವಳಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೂ ಕೇಳಿದರು, ನಿಂಗೂ ಒಪ್ಪಿಗಿನೇನಮ್ಮ ಎಂದು. ಹಂಪಮ್ಮ ಸೆರಗಿನ ಅಂಚಿನಿಂದ ಗಂಡನ ಕಡೆ ನೋಡಿದಳು. ಅಯ್ಯಣ್ಣ ತನ್ನ ಕಾಲ ಬೆರಳು ನೋಡುತ್ತಿದ್ದ. ಅವಳು ತಲೆ ತಗ್ಗಿಸಿದಳು. ಹೆಂಗಸು ತಲೆ ತಗ್ಗಿಸಿದರೆ ಹೂಂ ಎಂದು ಲೆಕ್ಕ. ಮೈಲಾರಪ್ಪ ರುಜು ಹಾಕಿದ. ಹಾಸಿಗೆ ಖಾಲಿಯಾದ ಮೇಲೆ ಬಂದು ಸೇರಿಸಬೇಕೆಂದು ಹೇಳಿ ಕಳಿಸಿದರು.

ಊರಿಗೆ ಬಂದ ದಿನ ಅದರ ಸುದ್ದಿ ಊಟದ ಹೊತ್ತಿನಲ್ಲಿ ಬಿಚ್ಚಿಕೊಂಡಿತು. ಸಾವಂತ್ರಮ್ಮ ರೊಟ್ಟಿ ನೀಡುತ್ತಾ ಡಾಕ್ಟರು ಏನಂದರೆಂದು ಕೇಳಿದಳು. ಮೈಲಾರಪ್ಪ ಹುಟ್ಟಿದಾಗಿನ ಬಟ್ಟಲ ಸಂಗತಿಯನ್ನು ಎರಡು ಸಲ ಹೇಳಿದ. ಅವಳ ಮುಖ ಅರಳಿತು. ಆಮೇಲೆ ಬೆಸೆಯುವ ಸಂಗತಿ ಹೇಳಿದ. ಹೊಲದಾಗ ನಿಂದ್ರಾಕ ಗಟ್ಟಿ ಮಾಡ್ರಿ ಅಂದೆ ಎಂದು ಹೇಳಿದ. ಅವಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಹೊಲದಾಗ ನಿಂದ್ರಾಕ ಅಂದಿರೇನು?"

"ಅಂದೆ. ಏನೀಗ?"

"ನೆಲ್ಲು ನಿಂತು ಹಚ್ತಾರೇನು?"

ಮೈಲಾರಪ್ಪನಿಗೆ ಅರ್ಥವಾಗಲಿಲ್ಲ. ಅವನು ಗದ್ದೆ ಉತ್ತವನು, ಕಾಲುವೆಗೆ ನೀರು ಕಟ್ಟಿದವನು. ಸಸಿ ಹಚ್ಚುವುದು ಹೆಂಗಸರ ಕೆಲಸ. ಆ ದಿನಗಳಲ್ಲಿ ಅವನು ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುವವನು. ಅಲ್ಲಿಂದ ಕಾಣುವುದು ಸಾಲಾಗಿ ಹಿಂದಕ್ಕೆ ಸರಿಯುವ ಬೆನ್ನುಗಳು.

"ಬೆಳಗಿಂದ ಬೈಗಿನ ತನಕ ಸೊಂಟ ಮಡಚಿ, ಮೂಗು ನೀರಿಗಿ ತಾಗಂಗ ಬಗ್ಗಿ ಹಚ್ತೀವಿ ನಾವು," ಎಂದಳು ಸಾವಂತ್ರಮ್ಮ. "ಹುಟ್ಟಿ ಮುದುಕ ಆದ್ರಿ, ಒಂದಿನ ನೋಡಲಿಲ್ಲೇನು? ಎದ್ದು ಬರ್ರಿ. ಕಂಬದಂಗ ನಿಂತು ಒಂದು ಸಸಿ ಹಚ್ಚಿ ತೋರಸ್ರಿ ನನಗ."

ತಾನೇ ನಡು ನೆಟ್ಟಗೆ ಮಾಡಿ, ಸೊಂಟ ಮಡಚದೆ ನೆಲ ಮುಟ್ಟಲು ಹೋದಳು. ಕೈ ಮೊಣಕಾಲು ದಾಟಲಿಲ್ಲ. ವಾಲಿ ನೆಲ್ಲಿನ ಚೀಲದ ಮೇಲೆ ಬಿದ್ದಳು. ಈರಮ್ಮ ಓಡಿಬಂದು ಎಬ್ಬಿಸಿದರೆ ಮೊಮ್ಮಗಳನ್ನೂ ಬೈದಳು. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಬೆಸೆದ ಕಾಲಿನವಳು ಗದ್ದೆಗೂ ಬರುವುದಿಲ್ಲ, ಒಲೆಯ ಮುಂದೂ ಕೂಡುವುದಿಲ್ಲ. ಹಾಗಾದರೆ ಒಲೆ ಊದುವವರು ಯಾರು, ಬೀಸುವವರು ಯಾರು, ಈರಮ್ಮ ಗಂಡನ ಮನೆಗೆ ಹೋದ ಮೇಲೆ ಸೆಗಣಿ ಬಳಿಯುವವರು ಯಾರು, ನನ್ನ ಮೊಣಕಾಲು ಎಂದಾದರೂ ಕೇಳಿದ್ದೀರಾ ಎಂದು ಒಂದೊಂದನ್ನೇ ಗಂಡನ ಗಂಗಾಳದ ಮುಂದೆ ಇಟ್ಟಳು. ಸೊಸೆಯ ಮೇಲಿನ ಮರುಕ ಅದರಲ್ಲಿ ಇರಲಿಲ್ಲ, ಇತ್ತೆಂದರೆ ಸುಳ್ಳಾಗುತ್ತದೆ. ಆದರೆ ನಿಜ ಅದರಲ್ಲಿತ್ತು. ದೇವರು ಕೆಲವು ಸಲ ನಿಜವನ್ನು ಸಿಟ್ಟಿನವರ ಬಾಯಿಂದಲೇ ಆಡಿಸುತ್ತಾನೆ.

ಮೈಲಾರಪ್ಪ ತಪ್ಪಿದೆನೆಂದು ಒಪ್ಪುವ ಮನುಷ್ಯನಲ್ಲ. ಡಾಕ್ಟರ ಮುಂದೆ ಆಡಿದ ಮಾತು ಆಡಿದಂತೆ, ರುಜು ಹಾಕಿದ್ದು ಹಾಕಿದಂತೆ ಎಂದ. ಹೆಂಡತಿ ಇನ್ನೂ ಬಿಡದಿದ್ದಾಗ ದನಿಯೇರಿಸಿದ.

"ಗದ್ದಿಗೂ ಬರ್ದಾಕಿ, ಒಲಿಗೂ ಬರ್ದಾಕಿ ಆದ್ರ ನಮಗ್ಯಾಕ ಅಕಿ? ಸಿರಿಗೇರ್ಯಾಗ ಒಂದು ಹುಡುಗಿ ಅದಾಳ. ಇವನಿಗಿ ಇನ್ನೊಂದು ಮದಿವಿ ಮಾಡ್ತೀನಿ. ಗಂಡು ಸಂತಾನ ಬ್ಯಾರೆ ಇಲ್ಲ."

ಒಳಗೆ ನಿಂತೇ ಉಣ್ಣುತ್ತಿದ್ದ ಹಂಪಮ್ಮ ತುತ್ತನ್ನು ಗಂಗಾಳಕ್ಕೆ ಬಿಟ್ಟಳು. ಅಯ್ಯಣ್ಣ ಮಜ್ಜಿಗೆ ನೀಡೆಂದು ಕೇಳಿದ. ಅವನು ಆ ಹೊತ್ತಿಗೆ ಆಡಿದ ಮಾತು ಅದೊಂದೇ.

ಮರುದಿನ ನಸುಕಿನಲ್ಲಿ ಅವನು ಎತ್ತಿಗೆ ಮೇವು ಹಾಕುತ್ತಿದ್ದಾಗ ಹಂಪಮ್ಮ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದಳು. ತನಗೆ ಗುಂಡು ತೆಗೆಸಬೇಕೆಂದು ಅಪ್ಪನಿಗೆ ಹೇಳಿರಿ ಎಂದಳು. ಸಿರಿಗೇರಿಯ ಹುಡುಗಿ ಬೇಡವೆಂದೂ ಹೇಳಿರಿ ಎಂದಳು. ಅಯ್ಯಣ್ಣ ಕೆಟ್ಟವನಲ್ಲ. ಅಪ್ಪನ ದನಿ ಕೇಳಿದರೆ ನಾಲಿಗೆ ಒಣಗುವವರಲ್ಲಿ ಒಬ್ಬ. ಸಮಯ ನೋಡಿ ಹೇಳ್ತೀನಿ ಎಂದ. ಆ ಸಮಯ ಯುಗಾದಿಯ ತನಕ ಬರಲಿಲ್ಲ. ಯುಗಾದಿಯ ಮರುವಾರ ಬಳ್ಳಾರಿಯಿಂದ ಹಾಸಿಗೆ ಖಾಲಿಯಾದ ಸುದ್ದಿ ಬಂತು.

ಹೆಂಗಸರ ವಾರ್ಡಿನಲ್ಲಿ ಗಿಡ್ಡಮ್ಮ ಮಗಳ ಹಾಸಿಗೆಯ ಪಕ್ಕ ಕಂಬಳಿ ಹಾಸಿದ್ದಳು. ಮಂಚದ ಕಾಲ ಕಡೆ ಮೈಲಾರಪ್ಪ ಕೈ ಕಟ್ಟಿ ನಿಂತಿದ್ದ, ಅವನ ಹಿಂದೆ ಅಯ್ಯಣ್ಣ. ಡಾಕ್ಟರು ನರ್ಸಮ್ಮನ ಕೂಡ ಬಂದು, ನಾಳೆ ಬೆಳಿಗ್ಗೆ ಬೆಸೆಯುತ್ತೇವೆ, ಎದೆಯಿಂದ ಪಾದದ ತನಕ ಪ್ಲಾಸ್ಟರಿನ ಪಟ್ಟು ಹಾಕುತ್ತೇವೆ, ತಿಂಗಳುಗಟ್ಟಲೆ ಇರಬೇಕು ಎಂದು ವಿವರಿಸಿ ಮುಂದಿನ ಹಾಸಿಗೆಗೆ ಹೊರಟರು.

"ಡಾಕ್ಟ್ರ, ನಿಂದರ್ರಿ," ಎಂದಳು ಹಂಪಮ್ಮ.

ಮದುವೆಯಾಗಿ ಬಂದಾಗಿನಿಂದ ಮೈಲಾರಪ್ಪ ಸೊಸೆಯ ಇಷ್ಟು ಗಟ್ಟಿ ದನಿ ಕೇಳಿರಲಿಲ್ಲ. ಅವಳು ಸೆರಗನ್ನು ಹಣೆಯಿಂದ ಹಿಂದಕ್ಕೆ ತಳ್ಳಿದ್ದಳು.

"ಕಾಲು ನಂದು. ನನ್ನ ಕೇಳಿಲ್ಲ ನೀವು."

"ಕೇಳಿದೆನಲ್ಲಮ್ಮ ಅವತ್ತು. ತಲಿ ತಗ್ಗಿಸಿದಿ."

"ಮಾವ ಕುಂತಿದ್ರು. ಅವರ ಮುಂದ ತಲಿ ಎತ್ತಾಕ ಬರಂಗಿಲ್ಲ ನಮಗ. ಅದನ್ನ ಹೂಂ ಅಂತ ಬರಕೊಂಡ್ರಿ ನೀವು." ಅವಳು ಬೆರಳು ಮಡಚಿ ಎಣಿಸಿದಳು. "ಒಲಿ ಮುಂದ ಕುಂದ್ರಬೇಕು. ಕಲ್ಲಿನ ಮುಂದ ಕುಂದ್ರಬೇಕು. ಬಯಲಕಡಿಗಿ ಹೋದ್ರ ಕುಂದ್ರಬೇಕು. ಅಂಗೈಯಾಗ ಲಿಂಗ ಇಟಕೊಂಡು ಕುಂದ್ರಬೇಕು. ಹೆಣ್ಣಿನ ಬಾಳೆಲ್ಲ ನೆಲದ ಮ್ಯಾಲ ಐತಿ ಡಾಕ್ಟ್ರ. ಗುಂಡು ತೆಗೀರಿ."

ಡಾಕ್ಟರಿಗೆ ಸಿಟ್ಟು ಬಂತು. ತನ್ನ ಮೇಲೆ ಬಂತೋ ಅವಳ ಮೇಲೆ ಬಂತೋ, ಮಾತು ಮಾತ್ರ ಒರಟಾಗಿಯೇ ಹೊರಬಿತ್ತು. ಕಾಲು ಗಿಡ್ಡಾಗುತ್ತದೆ, ನೋವು ಪೂರಾ ಹೋಗುತ್ತದೆಂದು ಮಾತು ಕೊಡಲಾರೆ, ಕೊಡ ಹೊರುವಂತಿಲ್ಲ, ಕೆಸರಿಗೆ ಇಳಿಯುವಂತಿಲ್ಲ, ತೆಗೆದದ್ದನ್ನು ತಿರುಗಿ ಇಡಲಾಗದು, ನಾಳೆ ಬಂದು ನನ್ನ ಮುಂದೆ ಅಳಬೇಡ ಎಂದರು. ಅವಳು ಪ್ರತಿಯೊಂದಕ್ಕೂ ತಲೆ ಎತ್ತಿಯೇ, ತಿಳಿತು, ತಿಳಿತು ಎಂದಳು.

ಮೈಲಾರಪ್ಪ ಮೊದಲ ಸಲ ಸೊಸೆಯ ಕೂಡ ನೇರವಾಗಿ ಮಾತಾಡಿದ.

"ಅದನ್ನ ತೆಗಿಸಿಕೊಂಡ್ರ ನನ್ನ ಮನಿ ಹೊಸ್ತಿಲಕ ಬರಬ್ಯಾಡ. ಕುಂತು ಉಣ್ಣಾಕ ನನ್ನ ಮನಿ ಛತ್ರ ಅಲ್ಲ."

"ನಿಂತು ಉಂಡೀನಿ ಮಾವ, ಎರಡು ವರ್ಷ," ಎಂದಳು ಹಂಪಮ್ಮ. "ನೀವು ಕುಂತು ಉಣ್ತಿದ್ರಿ, ನೋಡಲಿಲ್ಲ."

ಅವನು ಶಲ್ಯ ಕೊಡವಿ ಹೊರಟ. ಅಯ್ಯಣ್ಣನನ್ನು ಬಾರಲೇ ಎಂದು ಕರೆದ. ಅಯ್ಯಣ್ಣ ಬಾಗಿಲ ತನಕ ಹೋಗಿ ನಿಂತ. ತಂದೆಯ ಹಿಂದೆ ಹೋಗಲಿಲ್ಲ, ತಿರುಗಿ ಹಾಸಿಗೆಯ ಹತ್ತಿರವೂ ಬರಲಿಲ್ಲ. ಡಾಕ್ಟರು ಹೊಸ ಕಾಗದ ತರಿಸಿದರು. ಈ ಸಲ ಹೆಬ್ಬೆಟ್ಟು ಒತ್ತಿದವಳು ಹಂಪಮ್ಮ. ಹೆಂಡತಿಯ ಒಪ್ಪಿಗೆಗೆ ಗಂಡನೂ ಸೇರಬೇಕೆಂದು ನರ್ಸಮ್ಮ ಹೇಳಿದಾಗ ಅವನು ಬಂದು ರುಜು ಹಾಕಿ ಹೊರಗೆ ಬೇವಿನ ಕೆಳಗೆ ಕೂತ.

ಗುಂಡು ತೆಗೆದರು. ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ಆಚೆಗೆ ತೂಕ ಇಳಿಬಿಟ್ಟು ವಾರಗಟ್ಟಲೆ ಮಲಗಿಸಿದರು. ಆ ಬಿಸಿಲಿಗೆ ಬಳ್ಳಾರಿಯ ಕಲ್ಲುಗುಡ್ಡ ರಾತ್ರಿಯೂ ಆರುತ್ತಿರಲಿಲ್ಲ. ಗಿಡ್ಡಮ್ಮ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿದಳು, ಸಿರುಗುಪ್ಪದ ಕಡೆ ತಿರುಗಿ ದಿನಾ ಬೈದಳು. ಹಂಪಮ್ಮನಿಗೆ ನೋವಿತ್ತು, ಭಯವಿತ್ತು. ತಪ್ಪು ಮಾಡಿದೆನೇನೋ ಎಂದು ಕೆಲವು ದಿನ ಗೋಡೆಗೆ ಮುಖ ಮಾಡಿ ಅತ್ತದ್ದೂ ಉಂಟು. ಅಯ್ಯಣ್ಣ ವಾರಕ್ಕೊಮ್ಮೆ ಬರುತ್ತಿದ್ದ. ತಂದ ಹಣ್ಣು ಇಟ್ಟು, ಎಮ್ಮೆ ಈದ ಸುದ್ದಿ ಹೇಳಿ, ಸಿರಿಗೇರಿಯ ಸುದ್ದಿ ಹೇಳದೆ ಹೋಗುತ್ತಿದ್ದ.

ಒಂದು ದಿನ ಸಾವಂತ್ರಮ್ಮ ಬಂದಳು. ಜೋಳದ ರೊಟ್ಟಿ, ಶೇಂಗಾದ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಗಂಡನಿಗೆ ಹೇಳದೆ ಬಂದೆ ಎಂದಳು. ಸೊಸೆಯ ಜಡೆಗೆ ಎಣ್ಣೆ ಹಾಕಿಲ್ಲವೆಂದು ಬೀಗತಿಯ ಕೂಡ ಜಗಳ ತೆಗೆದಳು. ಇಬ್ಬರೂ ವಾರ್ಡು ಹಾರುವಂತೆ ಕೂಗಾಡಿದ ಮೇಲೆ ನರ್ಸಮ್ಮ ಇಬ್ಬರನ್ನೂ ವರಾಂಡಕ್ಕೆ ಅಟ್ಟಿದಳು. ಅಲ್ಲಿ ಒಂದೇ ರೊಟ್ಟಿಯ ಗಂಟು ಬಿಚ್ಚಿ ಇಬ್ಬರೂ ಎದುರಾಬದುರು ಕೂತು ಉಂಡರು, ಉಣ್ಣುತ್ತಲೇ ಗಂಡಸರನ್ನು ಬೈದರು. ಹೊರಡುವಾಗ ಸಾವಂತ್ರಮ್ಮ ಸೊಸೆಯ ಬಳಿ ಬಂದು, ಮನೆ ತನ್ನದೂ ಹೌದು, ಹೊಸ್ತಿಲು ತುಳಿಯಬೇಡ ಎನ್ನಲು ಗಂಡನೊಬ್ಬನೇ ಕಟ್ಟಿಸಿದ್ದಲ್ಲ, ನಡೆಯಲು ಬಂದ ದಿನ ಬಾ ಎಂದಳು.

ಆಸ್ಪತ್ರೆಯಿಂದ ತಾಯಿಯ ಮನೆಗೆ ಬಂದಿದ್ದ ಹಂಪಮ್ಮ ಕಾರಹುಣ್ಣಿಮೆ ಕಳೆದ ಮೇಲೆ ಗಂಡನ ಊರಿಗೆ ಹೊರಟಳು. ಕಾಲು ಮೂರು ಬೆರಳಿನಷ್ಟು ಗಿಡ್ಡಾಗಿತ್ತು. ಕಂಕುಳಿಗೆ ಕೋಲಿತ್ತು. ಹಿಂದಿನ ದಿನ ಕುರುಗೋಡಿನಲ್ಲಿ ತಾಯಿಯ ಮನೆಯ ನೆಲದ ಮೇಲೆ ಮೆಲ್ಲಗೆ, ಹಲ್ಲು ಕಚ್ಚಿ, ಕಾಲು ಮಡಚಿ ಕೂತು ನೋಡಿದ್ದಳು. ಕೂತಳು. ಅದೊಂದನ್ನು ಅವಳು ಗೆದ್ದಿದ್ದಳು.

ಸಿರುಗುಪ್ಪದ ಬಸ್ ನಿಲ್ಲುವ ಕಡೆಯಿಂದ ಅಯ್ಯಣ್ಣ ಬಂಡಿಯಲ್ಲಿ ಕರೆತಂದ. ಕಾಲುವೆಯ ನೀರು ಗದ್ದೆಗಳಿಗೆ ಹರಿದಿತ್ತು, ಸಸಿ ಮಡಿಗಳು ಹಸುರಾಗಿದ್ದವು. ಮನೆಯ ಮುಂದೆ ಬಂಡಿ ನಿಂತಾಗ ಮೈಲಾರಪ್ಪ ಕಟ್ಟೆಯ ಮೇಲಿದ್ದ, ಸಾವಂತ್ರಮ್ಮ ಹೊಸ್ತಿಲಲ್ಲಿದ್ದಳು. ಓಣಿಯ ನಾಲ್ಕು ಮಂದಿಯೂ ಇದ್ದರು. ಅಯ್ಯಣ್ಣ ಇಳಿದು ಬಂದು ಹೆಂಡತಿಯ ಕಡೆ ಎರಡೂ ಕೈ ಚಾಚಿದ.

"ಕೈ ಬ್ಯಾಡ," ಎಂದಳು ಹಂಪಮ್ಮ. "ಅವತ್ತು ಬಾಯಿ ಬೇಕಾಗಿತ್ತು."

ಕೋಲನ್ನು ಮೊದಲು ನೆಲಕ್ಕಿಟ್ಟು, ಬಂಡಿಯ ಗೂಟ ಹಿಡಿದು, ತಾನೇ ಜಾರಿ ಇಳಿದಳು. ಗಿಡ್ಡ ಕಾಲು ತಡವಾಗಿ ನೆಲ ಮುಟ್ಟಿತು. ಅಯ್ಯಣ್ಣನ ಕೈಗಳು ಗಾಳಿಯಲ್ಲೇ ಉಳಿದವು.

ಮೈಲಾರಪ್ಪ ಸೊಸೆಯನ್ನು ನೋಡದೆ ಮಗನಿಗೆ ಎಲ್ಲರೂ ಕೇಳುವಂತೆ ಹೇಳಿದ. "ಸೋಮವಾರ ಸಿರಿಗೇರಿಯವ್ರು ಬರ್ತಾರ. ಮನ್ಯಾಗಿರು."

ಅಯ್ಯಣ್ಣ ಎತ್ತಿನ ಕೊರಳ ಹಗ್ಗ ಬಿಚ್ಚಿದ, ಮತ್ತೆ ಕಟ್ಟಿದ. ಆಮೇಲೆ ನೆಲ ನೋಡುವುದನ್ನು ಬಿಟ್ಟು ತಂದೆಯ ಮುಖ ನೋಡಿದ.

"ನಾನಿರಂಗಿಲ್ಲಪ್ಪ. ಅವರಿಗಿ ಬರಬ್ಯಾಡ್ರಿ ಅಂತ ಹೇಳಿ ಕಳಸು. ಸೋಮವಾರ ನೆಲ್ಲು ಹಚ್ಚಾಕ ಇಳೀತೀನಿ."

"ಏನಂದಿ?"

"ಅಕಿ ಪಾಲಿಂದು ನಾನು ಹಚ್ತೀನಿ."

"ಗಂಡಸು ನೆಲ್ಲು ಹಚ್ತಾನೇನಲೇ? ಊರು ಬಾಯಿಗಿ ಸೆರಗು ಹಚ್ಚಿ ನಗತೈತಿ."

"ನಗಲಿ. ಬಗ್ಗಿದ್ರ ಅವರ ಮುಖ ಕಾಣಂಗಿಲ್ಲಂತ."

ಸಾವಂತ್ರಮ್ಮ ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟಳು. ಮೈಲಾರಪ್ಪ ಕಟ್ಟೆಯಿಂದ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದವನಂತೆ ಅತ್ತ ಇತ್ತ ನೋಡಿ, ಕಾಲುವೆಯ ಕಡೆ ನಡೆದ. ಹಂಪಮ್ಮ ಕೋಲೂರುತ್ತ ಗಂಡನನ್ನು ದಾಟಿ ಬಾಗಿಲ ತನಕ ಹೋದಳು. ಅವಳ ಮುಖದ ಬಿಗಿ ಸಡಿಲಾಗಿರಲಿಲ್ಲ. ಅಲ್ಲಿ ನಿಂತು, ಹಿಂದೆ ತಿರುಗದೆ ಹೇಳಿದಳು.

"ಆಳಕ್ಕ ಒತ್ತಬ್ಯಾಡ್ರಿ. ಸಸಿ ಕೊಳೀತಾವ."